ಹೂಂಗುಟ್ಟುವವನು

ಫ್ರಾಂಕ್‌ಫರ್ಟಿನಿಂದ ಗುರುರಾಜ ತಂದದ್ದು ಒಂದು ಡಬ್ಬಿ ಚಾಕೊಲೇಟು, ಒಂದು ಹಟ. ಸೊಲ್ಲಾಪುರದ ಟವೆಲ್ ಕಾರ್ಖಾನೆಯಲ್ಲಿ ಪರದೇಶದ ಆರ್ಡರುಗಳನ್ನು ನೋಡಿಕೊಳ್ಳುವ ಅವನನ್ನು ಮಾಲೀಕರು ಅಲ್ಲಿಯ ಗಿರಾಕಿಯ ಕಚೇರಿಗೆ ಕಳಿಸಿದ್ದರು. ಶುಕ್ರವಾರ ಮೂರು ಹೊಡೆದದ್ದೇ ತಡ, ಅಲ್ಲಿಯ ಕಾರಿನ್ ಎಂಬ ಹೆಂಗಸು ಫೋನನ್ನು ಮೇಜಿನ ಖಾನೆಗೆ ಹಾಕಿ ಎದ್ದುಬಿಟ್ಟಳು. ಚರ್ಚಿನಲ್ಲಿ ಹಾಡಿನ ತಾಲೀಮಿತ್ತಂತೆ. ಟವೆಲ್ ಎರಡು ದಿನ ತಡವಾದರೆ ಯಾರೂ ಸಾಯುವುದಿಲ್ಲ ಎಂದು ನಕ್ಕಳು. ತಾನೂ ಹೀಗೆ ಎದ್ದು ಹೋಗಬೇಕು ಎಂಬ ಹಟ ಗುರುರಾಜನಲ್ಲಿ ಹುಟ್ಟಿದ್ದು ಆಗ. ದೇವರ ಹಾಡಿಗಾಗಿ ಕೆಲಸ ಕೆಳಗಿಟ್ಟು ಹೋಗುವವರನ್ನು ಅವನು ಸಣ್ಣವನಿದ್ದಾಗ ಕಂಡಿದ್ದ, ಆಮೇಲೆ ಕಂಡಿರಲಿಲ್ಲ.

ಅಕ್ಕಲಕೋಟದ ಮನೆಯಲ್ಲಿ ಅವನ ಹೆಂಡತಿ ಮುಕ್ತಾ ಪುರಾಣ ಓದುವವಳು. ಏಳು ಸಂಜೆ, ದೀಪ ಹಚ್ಚಿದ ಮೇಲೆ, ತಂದೆಯಿಂದ ಕಲಿತ ರಾಗದಲ್ಲಿ. ಎದುರಿಗೆ ಕೂತವರು ಪ್ರತಿ ಪದ್ಯದ ಕೊನೆಗೆ ‘ಹೂಂ’ ಅನ್ನಬೇಕು. ಹೂಂ ಬಾರದೆ ಓದು ಮುಂದೆ ಹೋಗುವಂತಿಲ್ಲ. ಕೇಳುವವರಿಲ್ಲದ ಪದ್ಯ ದೇವರಿಗೂ ಮುಟ್ಟದು ಎಂಬುದು ಅವರ ಮನೆತನದ ನಂಬಿಕೆ. ಎರಡು ಸಲ ಈ ಸಪ್ತಾಹ ಮುರಿದಿತ್ತು, ಎರಡು ಸಲವೂ ಕಾರ್ಖಾನೆಯ ಫೋನಿನಿಂದ.

“ಇದೊಂದು ಸಲ ನೋಡ್ತೀನ್ರಿ,” ಎಂದಿದ್ದಳು ಮುಕ್ತಾ. “ದೇವರಿಗೆ ನಾ ಏನೂ ಬೇಡಂಗಿಲ್ಲ. ನೀವು ಎದುರಿಗೆ ಕೂಡಬೇಕು, ಅಷ್ಟ. ಇದೂ ಮುರೀತಂದ್ರ ಮತ್ತ ನಿಮ್ಮನ್ನ ಕರಿಯಂಗಿಲ್ಲ.”

ಸೋಮವಾರ ಸಂಜೆ ಗುರುರಾಜ ಕಾರ್ಖಾನೆಯ ಆ ಫೋನನ್ನು ಜೊತೆಯಲ್ಲಿ ಕೆಲಸ ಮಾಡುವ ಕಲ್ಲಣ್ಣನ ಮುಂದಿಟ್ಟ.

“ಬಂದ್ರಪಾ ಜರ್ಮನಿ ಸಾಹೇಬ್ರು!” ಕಲ್ಲಣ್ಣ ಕೈಮುಗಿದ. “ಹೊತ್ತು ಮುಳುಗೂ ಮುಂದ ಅಂಗಡಿ ಬಂದ್? ಮಾಲಕರು ಕೇಳಿದ್ರ ಚರ್ಚಿಗೆ ಹೋಗ್ಯಾರ ಅಂತ ಹೇಳ್ಲೇನು?”

“ಏಳ ದಿನ ಅಷ್ಟ ಮಾರಾಯಾ.”

“ಆತು ತಗೋ. ಖರೇ ನನ್ನ ಹೆಂಡ್ತಿಗೂ ನಾಕು ಚಾಕ್ಲೇಟ್ ಕೊಡು. ಬೈಯೂದು ಜರಾ ಕಡಿಮಿ ಆಗ್ತದ.”

ನಾಲ್ಕು ಸಂಜೆ ಸುಸೂತ್ರವಾಗಿ ನಡೆದವು. ಮುಕ್ತಾಳ ದನಿ ದಿನದಿಂದ ದಿನಕ್ಕೆ ಬಿಚ್ಚಿಕೊಂಡಿತು. ಗುರುರಾಜ ಕಣ್ಣು ಮುಚ್ಚಿ ಕೇಳಿದ; ತಾನೂ ಕಾರಿನ್‌ಳಂತೆ ಫೋನನ್ನು ಗೆದ್ದೆ ಎಂದುಕೊಂಡ.

ಐದನೆಯ ದಿನ ಶುಕ್ರವಾರ. ಹೊರಟು ನಿಂತವನಿಗೆ ಕಲ್ಲಣ್ಣ ತಲೆ ಎತ್ತದೆ ಹೇಳಿದ: “ನಿಮ್ಮ ಕಾರಿನ್‌ಬಾಯಿ ಹಾಡಾಕ ಹೋಗೂ ಮುಂದ ಮೇಜು ಸ್ವಚ್ಛ ಮಾಡ್ತಾಳಲ್ಲ, ಆ ಕಸ ಎಲ್ಲಿ ಬೀಳ್ತದ ಗೊತ್ತೈತಿ? ಅಕಿಗೆ ಮೂರಾದಾಗ ನಮಗ ದೀಪ ಹಚ್ಚೂ ಹೊತ್ತು. ಟವೆಲ್ ಅಂಚು ಬದಲ್ ಮಾಡ್ರಿ, ಸೋಮವಾರಕ್ಕ ತಯಾರ್ ಬೇಕು ಅಂತ ಮೇಲ್ ಹಾಕ್ತಾಳ. ಹೊಲಿಗಿ ಹೆಣ್ಮಕ್ಕಳಿಗೆ ಐತವಾರದ ರಜಾ ಬಿಟ್ಟು ಬರ್ರಿ ಅಂತ ಇಷ್ಟು ದಿನ ನೀ ಹೇಳ್ತಿದ್ದಿ. ಇವತ್ತ ನಾ ಹೇಳ್ಬೇಕು.” ಫೋನನ್ನು ಹತ್ತಿರ ಎಳೆದುಕೊಂಡು, “ಹೋಗು, ವೈನಿ ಕಾಯ್ತಿರ್ತಾರ,” ಎಂದ. ದನಿಯಲ್ಲಿ ಕುಹಕವಿರಲಿಲ್ಲ.

ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತ ಗುರುರಾಜನಿಗೆ ಕಾರಿನ್ ಫೋನು ಹಾಕಿದ ಆ ಮೇಜಿನ ಖಾನೆಯೇ ಕಣ್ಣ ಮುಂದೆ ಬಂತು. ಅದು ಮುಚ್ಚಬೇಕಾದರೆ ಸೊಲ್ಲಾಪುರದಲ್ಲಿ ಯಾರಾದರೂ ತಮ್ಮದನ್ನು ತೆರೆದುಕೊಂಡು ಕೂತಿರಬೇಕಿತ್ತು. ಅವನು ಹೆಗಲು ಸರಿಸಿದ್ದ. ಭಾರ ಕಲ್ಲಣ್ಣನ ಮೇಲೆ, ಹೆಣ್ಣುಮಕ್ಕಳ ಮೇಲೆ ಇಳಿದಿತ್ತು. ವಳಸಂಗ ಬಂತು, ಕಲ್ಲಣ್ಣನ ಊರು. ಗುರುರಾಜ ಮುಖ ಆಚೆ ತಿರುಗಿಸಿದ.

ದೀಪ ಹಚ್ಚಿ ಮುಕ್ತಾ ಓದತೊಡಗಿದಳು. ಹೂಂ ಅಂದ. ಈಗ ಮೇಲ್ ಬಂದಿರುತ್ತದೆ. ಹೂಂ. ಕಲ್ಲಣ್ಣ ಯಾರ ಯಾರನ್ನು ಕರೆಯುತ್ತಾನೋ. ಹೊಲಿಗೆಯ ಕಾಂಚನಳ ಕೂಸಿಗೆ ಜ್ವರ, ಅವಳು ಒಲ್ಲೆ ಅನ್ನುವಳು, ಒಲ್ಲೆ ಅಂದರೆ ಕೆಲಸ ಹೋದೀತು. ಹೂಂ. ಹೂಂ.

ಏನೋ ಬೇರೆಯಾಗಿದೆ ಅನ್ನಿಸಿ ಕಣ್ಣು ತೆರೆದ. ಪುರಾಣದ ಪುಸ್ತಕಕ್ಕೆ ವಸ್ತ್ರ ಸುತ್ತಿ ಆಗಿತ್ತು. ಮುಕ್ತಾ ಅವನನ್ನೇ ನೋಡುತ್ತಿದ್ದಳು.

“ಯಾಕ ನಿಲ್ಸಿದಿ?”

“ಆಗಳೇ ನಿಲ್ಸೀನ್ರಿ. ನೋಡೂಣು ಅಂತ ಸುಮ್ಮನಾದೆ. ನೀವು ಹೂಂ ಅನ್ನೂದು ಬಿಡಲಿಲ್ಲ.”

“ತಪ್ಪಾತು. ಓದು, ಈಗ ಕೇಳ್ತೀನಿ.”

“ಫೋನ್ ಇದ್ದಾಗನ ಛಲೋ ಇತ್ತು,” ಎಂದಳು, ಸಿಟ್ಟಿಲ್ಲದೆ. “ನೀವು ಎದ್ದು ಹೋಗ್ತಿದ್ರಿ, ನಾ ಫೋನಿಗೆ ಬೈತಿದ್ದೆ.”

ಮರುದಿನ ಗುರುರಾಜ ಹೊತ್ತಿಗೆ ಮುಂಚೆಯೇ ಮನೆಗೆ ಬಂದ. ದೇವರ ಮುಂದೆ ಓದಿನ ಚಾಪೆ ಹಾಸಿರಲಿಲ್ಲ. ಮುಕ್ತಾ ಟಿವಿ ಮುಂದೆ ಕೂತು ಶೇಂಗಾ ಸುಲಿಯುತ್ತಿದ್ದಳು.

“ಲಗೂನ ಬಂದ್ರಿ,” ಎಂದು ಸರಿದು ಅವನಿಗೂ ಜಾಗ ಮಾಡಿಕೊಟ್ಟಳು.