ಅರ್ಧ ಗಂಟೆ ಮುಂಚೆ

ಬಲಗೈ ಅಂಗಿಯ ತೋಳಿನೊಳಕ್ಕೆ ಹೋಗಲೇ ಇಲ್ಲ. ಮೊಣಕೈ ಮಡಚಿದಂತೆಯೇ ಸೆಟೆದಿತ್ತು. ಸತ್ತ ಮೇಲೆ ಆದದ್ದಲ್ಲ, ಆರು ವರ್ಷದಿಂದ ಹಾಗೇ ಇತ್ತು. ತಂಗಿ ಅಣ್ಣನ ಬಿಳಿ ಅಂಗಿಯನ್ನು ಬೆನ್ನಿನ ಕಡೆ ಉದ್ದಕ್ಕೂ ಕತ್ತರಿಸಿ, ಮುಂದಿನಿಂದ ಹೊದಿಸಿದಂತೆ ತೊಡಿಸಿದಳು. ಅತ್ತಿಗೆ ಗುಂಡಿ ಹಾಕಿದಳು. ಎದುರಿನಿಂದ ನೋಡುವವರಿಗೆ ಏನೂ ಗೊತ್ತಾಗುವಂತಿರಲಿಲ್ಲ.

ಹೊರಗಿನ ಕೋಣೆಯಲ್ಲಿ ಬಂದವರೆಲ್ಲ ಒಂದೇ ಮಾತು ಆಡುತ್ತಿದ್ದರು. ತಂಗಿ ಕೊಡದೆ ಹೋಗಿದ್ದರೆ ಹನ್ನೊಂದು ವರ್ಷದ ಹಿಂದೆಯೇ ಕತೆ ಮುಗಿಯುತ್ತಿತ್ತು. ಒಡಹುಟ್ಟಿದವರು ಅಂದರೆ ಹೀಗಿರಬೇಕು. ಸೋದರಮಾವನಂತೂ ಅವಳನ್ನು ಕಂಡದ್ದೇ, "ನೀನು ಅವನನ್ನ ಎರಡನೇ ಸಲ ಹೆತ್ತೆ ಕಣಮ್ಮ," ಅಂದ. ಈ ಹೊಗಳಿಕೆ ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು.

*

ಅಣ್ಣ ಬೆತ್ತದ ಕುರ್ಚಿ ಹೆಣೆಯುವವನು. ರಕ್ತದ ಕ್ಯಾನ್ಸರ್ ಬಂದಾಗ ಹೊಸ ರಕ್ತ ಹುಟ್ಟಿಸುವ ಕಾಂಡಕೋಶ ತಂಗಿಯದೇ ಹೊಂದಿತು. ಕಸಿಯಾಗಿ ನೂರು ದಿನ ದಾಟಿದಾಗ ಮನೆಯವರೆಲ್ಲ ಗೆದ್ದೆವು ಅಂದುಕೊಂಡರು. ಆಮೇಲೆ ಶುರುವಾಯಿತು. ಕಣ್ಣೀರು ಬತ್ತಿ ಕಣ್ಣುರಿ, ಬಾಯಿ ತುಂಬ ಹುಣ್ಣು; ಚರ್ಮ ಬಿಗಿದು ಬೆರಳು ಬೆತ್ತಕ್ಕಿಂತ ಬಿರುಸಾದವು. ತಂಗಿಯಿಂದ ಬಂದ ಜೀವಕೋಶಗಳು ಅವನ ಮೈಯನ್ನು ಹೊರಗಿನದೆಂದು ತಿಳಿದು ಮೇಲೆ ಬೀಳುತ್ತಿವೆ ಎಂದು ಡಾಕ್ಟರು ವಿವರಿಸಿದರು.

"ಚಿಕ್ಕಂದಿನಿಂದ ಇವಳದ್ದು ಇದೇ ಬುದ್ಧಿ ಡಾಕ್ಟ್ರೇ, ಯಾರ ಜೊತೆಗೂ ಹೊಂದ್ಕೊಳ್ಳಲ್ಲ," ಅಂತ ಅವನು ನಕ್ಕ. ಅವಳೂ ನಕ್ಕಳು.

ಅಂದಿನಿಂದ ಮೂರು ತಿಂಗಳಿಗೊಮ್ಮೆಯ ತಪಾಸಣೆಯನ್ನು ಅವಳು ಒಂದೂ ತಪ್ಪಿಸಲಿಲ್ಲ. ಕಚೇರಿಯಲ್ಲಿ ಹೇಳಿ ಸರಿಯಾಗಿ ಹತ್ತು ಗಂಟೆಗೆ ಬಂದು ಅವನ ಪಕ್ಕ ಕೂರುತ್ತಿದ್ದಳು. ಹೇಗಿದ್ದೀರಿ ಎಂದು ಡಾಕ್ಟರು ಕೇಳಿದಾಗಲೆಲ್ಲ ಅವನು ಮೊದಲು ಅವಳ ಮುಖ ನೋಡಿ, ಆಮೇಲೆ ಪರವಾಗಿಲ್ಲ ಅನ್ನುತ್ತಿದ್ದ. ಒಮ್ಮೆ ಮಾತ್ರ, ಬಸ್ಸಿಗೆ ಕಾಯುವಾಗ, "ಸಾಕಾಗಿದೆ ಕಣೇ," ಅಂದ. ಅವಳು ಬಸ್ಸು ಬಂತೇನೋ ಎಂಬಂತೆ ರಸ್ತೆಯ ಕಡೆ ತಿರುಗಿದಳು. ಬಸ್ಸು ಬಂದಿರಲಿಲ್ಲ. ಅವನು ಮತ್ತೆಂದೂ ಹಾಗನ್ನಲಿಲ್ಲ.

*

ಶವದ ವ್ಯಾನು ಬಾಗಿಲಿಗೆ ಬಂದು ನಿಂತಾಗ ತಪಾಸಣೆ ವಿಭಾಗದ ನರ್ಸು ಬಂದಳು. ತಂಗಿ ಅವಳನ್ನು ಮೆಟ್ಟಿಲ ಬಳಿ ಪಕ್ಕಕ್ಕೆ ಕರೆದು ಕೇಳಿದಳು.

"ನಿಮ್ಮ ಹತ್ರ ಏನಾದ್ರೂ ಹೇಳ್ಕೊಳ್ತಿದ್ನಾ?"

ನರ್ಸು ಹಿಂದೆಮುಂದೆ ನೋಡಿದಳು. ಪ್ರತಿ ಸಲವೂ ಅವನು ಅರ್ಧ ಗಂಟೆ ಮುಂಚೆ ಬರುತ್ತಿದ್ದನಂತೆ. ರಕ್ತ ತೆಗೆಯುವ ಕೋಣೆಯಲ್ಲಿ ಕೂತು ಬಾಯಿಗೆ ಬಂದಂತೆ ಬೈಯುತ್ತಿದ್ದನಂತೆ: ಮಾತ್ರೆಗಳನ್ನು, ಕಣ್ಣಿಗೆ ಬಿಡುವ ಹನಿಯನ್ನು, ಮಾತು ಕೇಳದ ಬೆರಳುಗಳನ್ನು.

"ನನ್ನನ್ನ?"

"ನಿಮ್ಮನ್ನೂ," ಅಂದಳು ನರ್ಸು. "'ಅವಳು ನೋಡ್ತಿದ್ರೆ ನಾನು ಚೆನ್ನಾಗಿರಲೇಬೇಕಾಗುತ್ತೆ, ಕಾಯಿಲೆಗಿಂತ ಅದೇ ಸುಸ್ತು' ಅಂತಿದ್ರು. ಹತ್ತಾಗ್ತಿದ್ದ ಹಾಗೆ ಮುಖ ಒರೆಸ್ಕೊಂಡು ಹೊರಗೆ ಹೋಗಿ ಕೂತ್ಕೊಳ್ಳೋರು."

ತಂಗಿಗೆ ಆ ಮಾತು ಚುಚ್ಚಿತು. ಆದರೂ ಅಣ್ಣನ ದನಿ ಕಿವಿಗೆ ಬಿದ್ದಂತಾಯಿತು. ಬೆಳಗಿನಿಂದ ಅಷ್ಟು ಜನ ಅವನ ಬಗ್ಗೆ ಮಾತಾಡಿದರೂ ಕೇಳಿಸದಿದ್ದ ದನಿ.

ಹೊತ್ತಾಯಿತೆಂದು ಸೋದರಮಾವ ಒಳಗಿನಿಂದ ಕರೆದ. ಅವಳು ಮೆಟ್ಟಿಲ ಮೇಲೆ ಕೂತು, ಪಕ್ಕದ ಧೂಳನ್ನು ಅಂಗೈಯಿಂದ ಒರೆಸಿದಳು.

"ಕೂತ್ಕೊಳ್ಳಿ. ಇನ್ನೇನೇನು ಬೈದ, ಒಂದೂ ಬಿಡದೆ ಹೇಳಿ."

ನರ್ಸು ಕೈಚೀಲ ಕೆಳಗಿಟ್ಟು ಕೂತಳು. ವ್ಯಾನಿನ ಡ್ರೈವರು ಇಬ್ಬರನ್ನೂ ಒಂದು ಗಳಿಗೆ ನೋಡಿ, ಎಂಜಿನ್ ಆರಿಸಿದ.