ಎದಿನನಿಗೆ ಹುಷಾರಿಲ್ಲ

ಲಿಯೋನಾ ಬೆನ್ನಿಗೊಂದು ಚೀಲ ಏರಿಸಿಕೊಂಡು ಯುರೋಪು ಸುತ್ತಲು ಹೊರಟಾಗ ಕ್ಯಾರೋಲಿನಳಿಗೆ ಇದ್ದ ತಕರಾರು ಒಂದೇ. ಅಷ್ಟು ದೂರ ಹೋಗುವವಳು ಲೂರ್ದಿಗೋ ಫಾತಿಮಾಕ್ಕೋ ಮಾತೆಯ ಯಾತ್ರೆಗೆ ಹೋಗಬಾರದೇ? ಶಿರ್ವದ ನೆಂಟರು ಕೇಳಿದರೆ ಮಗಳು ಸರಾಯೆವೊ ಎಂಬ ಊರಿಗೆ ಹೋಗಿದ್ದಾಳೆ ಎನ್ನಬೇಕು, ಅದು ಎಲ್ಲಿದೆ ಎಂದು ಮತ್ತೆ ಅರ್ಧ ಗಂಟೆ ವಿವರಿಸಬೇಕು. ಓದು ಮುಗಿದಿದೆ, ಕೆಲಸಕ್ಕೆ ಸೇರುವ ಮೊದಲು ನಾಲ್ಕು ಊರು ನೋಡಲಿ ಬಿಡು ಎಂದು ಗಂಡ ಜೂಲಿಯನ್ ಮಗಳ ಪರ ವಹಿಸಿದ. ಮಸ್ಕತ್ತಿನ ಅಲ್ ಖುವೈರ್‌ನ ಆಫೀಸಿನಲ್ಲಿ ಕೂತೇ ಕೂದಲು ಉದುರಿಸಿಕೊಂಡವನಿಗೆ ಯಾರು ಎಲ್ಲಿಗೆ ಹೊರಟರೂ ಖುಷಿ.

ಸರಾಯೆವೊದ ಹುಚ್ಚು ಹಿಡಿಸಿದವಳು ಎದುರು ಮನೆಯ ಸೆನಾದಾ. ಬೋಸ್ನಿಯಾ ದೇಶದ ಆ ಊರಿನವಳೇ, ಒಂಟಿ ಹೆಂಗಸು, ಕ್ಲಿನಿಕ್ ಒಂದರಲ್ಲಿ ನರ್ಸ್. ತೊಂಬತ್ತರ ದಶಕದ ಯುದ್ಧ ಮುಗಿದ ಮೇಲೆ ಮಸ್ಕತ್ತಿಗೆ ಬಂದವಳು ಒಮ್ಮೆಯೂ ತಿರುಗಿ ಹೋಗಿರಲಿಲ್ಲ. ಅಲ್ ಅಜೈಬಾದ ಈ ಕಟ್ಟಡದಲ್ಲಿ ಸಣ್ಣ ಲಿಯೋನಾಳಿಗೆ ಊಟ ಮಾಡಿಸಿ, ಜ್ವರ ಬಂದರೆ ಮಡಿಲಲ್ಲಿ ಮಲಗಿಸಿಕೊಂಡು ಸಾಕಿದವಳು ಅವಳೇ. ಕ್ಯಾರೋಲಿನ್ ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುತ್ತಿದ್ದದ್ದು ಅವಳ ದೆಸೆಯಿಂದ.

ಸೆನಾದಾಳಿಗೆ ಎದಿನ್ ಎಂಬ ತಮ್ಮನಿದ್ದ. ಯುದ್ಧದ ಮೊದಲ ಬೇಸಿಗೆಯಲ್ಲಿ ಬಂದೂಕಿನವರು ಬಂದು, ಎರಡು ಪ್ರಶ್ನೆ ಕೇಳಿ ಕಳಿಸುತ್ತೇವೆ ಎಂದು ಅವನನ್ನು ಮನೆಯಿಂದ ಕರೆದೊಯ್ದರು. ಹದಿನೇಳರ ಹುಡುಗ, ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ. ಮತ್ತೆ ಬರಲಿಲ್ಲ. ಆಮೇಲೆ ಹೊಂಡಗಳಲ್ಲಿ ಮೂಳೆಗಳು ಸಿಗತೊಡಗಿದಾಗ ಗುರುತು ಹಚ್ಚಲು ಮನೆಯವರ ರಕ್ತ ಕೇಳಿದರು. ಸೆನಾದಾ ಕೊಡಲೊಪ್ಪಲಿಲ್ಲ. ರಕ್ತ ಕೊಟ್ಟರೆ ಅವರು ಹೆಣ ಹುಡುಕುತ್ತಾರೆ, ಕೊಡದಿದ್ದರೆ ಮನುಷ್ಯನನ್ನು ಹುಡುಕುತ್ತಾರೆ ಎನ್ನುವುದು ಅವಳ ಲೆಕ್ಕ. ಬದುಕಿದ್ದಾನೆ ಎಂದೂ ಅವಳು ಹೇಳುತ್ತಿರಲಿಲ್ಲ, ಸತ್ತಿದ್ದಾನೆ ಎಂದೂ ಹೇಳುತ್ತಿರಲಿಲ್ಲ.

ಲಿಯೋನಾಳ ಕೈಯಲ್ಲಿ ಅವಳೊಂದು ಪಾರ್ಸೆಲ್ ಕಳಿಸಿದಳು. ಹಳೆಯ ಮನೆಯ ಕೆಳಗಿನ ಅಂತಸ್ತಿನ ಅಜ್ಜಿಗೆ ಒಂದು ಶಾಲು, ಒಂದು ಡಬ್ಬಿ ಖರ್ಜೂರ. ಅಜ್ಜಿ ಬದುಕಿದ್ದರೆ ಕೊಡು, ಇಲ್ಲವಾದರೆ ನೀನೇ ತಿನ್ನು ಎಂದಳು.

ಲಿಯೋನಾ ದಿನವೂ ಫೋಟೊ ಕಳಿಸುತ್ತಿದ್ದಳು. ಗುಂಡು ಬಿದ್ದ ತೂತುಗಳ ಪಕ್ಕದಲ್ಲೇ ಬಟ್ಟೆ ಒಣಹಾಕಿದ ಬಾಲ್ಕನಿ. ಶೆಲ್ ಬಿದ್ದು ಜನ ಸತ್ತ ಕಡೆ, ರಸ್ತೆಯ ಗುಳಿಗಳಿಗೆ ತುಂಬಿದ ಕೆಂಪು ಬಣ್ಣ. ಅದರ ಮೇಲೆಯೇ ಐಸ್‌ಕ್ರೀಮ್ ಹಿಡಿದು ನಡೆಯುವ ಮಕ್ಕಳು. ಕ್ಯಾರೋಲಿನ್ ಇದನ್ನೆಲ್ಲ ಸೆನಾದಾಳಿಗೆ ತೋರಿಸಲಿಲ್ಲ. ಬೆಟ್ಟ, ಸೇತುವೆ, ಕಾಫಿಯ ಫೋಟೊ ಮಾತ್ರ ಆರಿಸಿ ತೋರಿಸಿದಳು.

ಒಂದು ಬೆಳಿಗ್ಗೆ ಮಗಳ ಫೋನ್ ಬಂತು. ದನಿ ಕೇಳಿಯೇ ಕ್ಯಾರೋಲಿನ್ ಗ್ಯಾಸ್ ಆರಿಸಿದಳು.

ಅಜ್ಜಿ ಬದುಕಿದ್ದಳು. ಶಾಲು ಹಿಡಿದುಕೊಂಡು ಅತ್ತಳು. ಅವಳ ಮಗಳಿಗೆ ಇಂಗ್ಲಿಷ್ ಬರುತ್ತಿತ್ತು, ಅವಳೇ ಹೇಳಿದಳಂತೆ. ಸೆನಾದಾಳ ತಾಯಿ ಸಾಯುವ ಮೊದಲು ಯಾರಿಗೂ ತಿಳಿಸದೆ ರಕ್ತ ಕೊಟ್ಟಿದ್ದಳು. ಊರಾಚೆಯ ಹೊಂಡವೊಂದರಲ್ಲಿ ಸಿಕ್ಕ ಮೂಳೆ ಎದಿನನದೇ ಎಂದು ಗೊತ್ತಾಗಿ ವರ್ಷ ಕಳೆದಿದೆ. ತಾಯಿ ಹೋದ ಮೇಲೆ ಅಕ್ಕ ಎಲ್ಲಿದ್ದಾಳೆಂದು ಯಾರಿಗೂ ತಿಳಿಯದೆ, ಮಣ್ಣು ಮಾಡಲು ಒಪ್ಪಿಗೆ ಕೊಡುವವರಿಲ್ಲದೆ, ಅವನು ಇನ್ನೂ ಒಂದು ಚೀಲದಲ್ಲಿ ಕಾಯುತ್ತಿದ್ದಾನೆ.

"ಆಂಟಿಗೆ ನೀನೇ ಹೇಳು ಮಮ್ಮಾ. ಫೋನಲ್ಲಿ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ," ಎಂದಳು ಲಿಯೋನಾ.

ಸಾವಿನ ಸುದ್ದಿ ಹೇಳುವುದು ಹೇಗೆಂದು ಗಲ್ಫಿನಲ್ಲಿರುವ ಕರಾವಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ನೇರವಾಗಿ ಹೇಳುವವನು ಕಟುಕ. ಮೊದಲು ಹುಷಾರಿಲ್ಲ ಎನ್ನಬೇಕು. ಆಮೇಲೆ ಒಮ್ಮೆ ಬಂದು ಹೋಗು ಎನ್ನಬೇಕು. ಉಳಿದದ್ದನ್ನು ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಕಾಯುತ್ತಿರುವವರ ಮುಖವೇ ಹೇಳುತ್ತದೆ. ಕ್ಯಾರೋಲಿನಳ ಅಪ್ಪ ತೀರಿಕೊಂಡಾಗ ಅಣ್ಣ ಹೀಗೆಯೇ ಮಾಡಿದ್ದ. ಡ್ಯಾಡಿಗೆ ಸ್ವಲ್ಪ ಹುಷಾರಿಲ್ಲ ಎಂದದ್ದೇ ತಡ, ಅವಳು ಫೋನ್ ಇಟ್ಟು ಕಪ್ಪು ಸೀರೆ ಹುಡುಕಿದ್ದಳು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಕೂತ ಆ ಪ್ರಯಾಣದ ಹೊತ್ತು ಇರದಿದ್ದರೆ ತನಗೆ ಅಪ್ಪನ ಶವಪೆಟ್ಟಿಗೆಯ ಮುಂದೆ ನಿಲ್ಲಲು ಆಗುತ್ತಲೇ ಇರಲಿಲ್ಲ ಎಂದು ಅವಳು ಈಗಲೂ ನಂಬಿದ್ದಾಳೆ.

ಹಾಗಾಗಿ ಎದುರಿನ ಬಾಗಿಲು ತಟ್ಟಿ, ಸೆನಾದಾಳನ್ನು ಕೂರಿಸಿ, ಕೈ ಹಿಡಿದು ಹೇಳಿದಳು. ಎದಿನನ ಪತ್ತೆಯಾಗಿದೆ. ಸ್ವಲ್ಪ ಹುಷಾರಿಲ್ಲ. ನೀನೊಮ್ಮೆ ಹೋಗಿ ಬರುವುದು ಒಳ್ಳೆಯದು.

ಹೇಳಿ, ಈಗ ಅಳುತ್ತಾಳೆ ಎಂದು ತಬ್ಬಿಕೊಳ್ಳಲು ಸಿದ್ಧಳಾದಳು. ಸೆನಾದಾ ಅಳಲಿಲ್ಲ. ನರ್ಸಿನ ದನಿಯಲ್ಲಿ, ಏನು ಕಾಯಿಲೆ ಎಂದು ಕೇಳಿದಳು.

ಕ್ಯಾರೋಲಿನಳ ಬಾಯಿಂದ ಎದೆನೋವು ಎಂಬ ಮಾತು ತಾನಾಗಿ ಹೊರಬಿತ್ತು.

ಮರುದಿನದ ಟಿಕೆಟ್ ಅಂದೇ ಆಯಿತು. ಸಂಜೆ ಸೆನಾದಾ ಪೇಟೆಗೆ ಹೋಗಿ ಒಮಾನಿ ಹಲ್ವಾ, ಉಣ್ಣೆಯ ಸ್ವೆಟರ್, ಮೆತ್ತನೆಯ ಚಪ್ಪಲಿ ಕೊಂಡು ತಂದಳು. ಸ್ವೆಟರನ್ನು ಜೂಲಿಯನನ ಮೈಗೆ ಹಿಡಿದು ಅಳತೆ ನೋಡಿದಳು. ನಮ್ಮಪ್ಪನ ಕಡೆಯವರಿಗೆಲ್ಲ ಈ ವಯಸ್ಸಿಗೆ ಹೊಟ್ಟೆ ಬರುತ್ತದೆ ಎಂದು ನಕ್ಕಳು. ಅವಳ ಹಿಂದಿನ ಹಲ್ಲುಗಳನ್ನು ಕ್ಯಾರೋಲಿನ್ ನೋಡಿದ್ದು ಅದೇ ಮೊದಲು.

ಅವಳು ಹೋದ ಮೇಲೆ ಜೂಲಿಯನ್ ಹೆಂಡತಿಯ ಮೇಲೆ ಹರಿಹಾಯ್ದ. "ನಮ್ಮವರಿಗೆ ಅರ್ಥ ಆಗ್ತದೆ ಮಾರಾಯ್ತಿ. ಅವಳಿಗೆ ಹೇಗೆ ಅರ್ಥ ಆಗ್ಬೇಕು? ಈಗ್ಲೇ ಹೋಗಿ ಹೇಳು."

ಕ್ಯಾರೋಲಿನ್ ಎರಡು ಸಲ ಎದುರು ಬಾಗಿಲಿನವರೆಗೆ ಹೋದಳು. ಒಳಗೆ ಸೆನಾದಾ ಯಾವುದೋ ಹಾಡು ಗುನುಗುತ್ತಿದ್ದಳು. ಎರಡು ಸಲವೂ ತಿರುಗಿ ಬಂದಳು. ಹೆದರಿಕೆ, ಬೇರೇನೂ ಅಲ್ಲ. ಸೆನಾದಾ ಅಲ್ಲಿ ಇಳಿದಾಗ ನಿನ್ನ ಮುಖ ನೋಡಿದರೆ ಗೊತ್ತಾಗುತ್ತದೆ, ನೀನೇ ವಿಮಾನ ನಿಲ್ದಾಣಕ್ಕೆ ಹೋಗಿ ನಿಲ್ಲು ಎಂದು ಮಗಳಿಗೆ ಫೋನ್ ಮಾಡಿದಳು.

"ಅವರು ತಮ್ಮನನ್ನು ಹುಡುಕ್ತಾ ಹೊರಗೆ ಬರ್ತಾರೆ ಮಮ್ಮಾ," ಎಂದಳು ಲಿಯೋನಾ. "ನಾನು ನಿಲ್ಲುದಿಲ್ಲ. ನೀನು ಮಾಡಿದ್ದು, ನೀನೇ ಸರಿ ಮಾಡು."

ಮರುದಿನ ಮಧ್ಯಾಹ್ನ ಕಾರಿನಲ್ಲಿ ಇಬ್ಬರೇ. ಸೆನಾದಾಳ ಮಡಿಲಲ್ಲಿ ಹಲ್ವಾದ ಡಬ್ಬಿ. ಹೈವೇ ತುಂಬ ವಾಹನಗಳು, ಬಿಸಿಲಿಗೆ ಎಲ್ಲವೂ ಬೆಳ್ಳಗೆ. ಅವನ ಕೂದಲು ನೆರೆತಿದೆಯೇ, ಲಿಯೋನಾ ಏನಾದರೂ ಹೇಳಿದಳೇ ಎಂದು ಸೆನಾದಾ ಕೇಳಿದಳು. ಕ್ಯಾರೋಲಿನ್ ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಸ್ಟೇರಿಂಗ್ ಬಿಡದೆ, ಮುಂದೆ ನೋಡುತ್ತಲೇ ಎಲ್ಲವನ್ನೂ ಹೇಳಿದಳು. ತಾಯಿಯ ರಕ್ತ, ಹೊಂಡ, ಚೀಲ. ತಮ್ಮೂರಿನಲ್ಲಿ ಸಾವನ್ನು ಹೀಗೆ ಹೇಳುವ ಪದ್ಧತಿ ಎಂದೂ ಹೇಳಿದಳು. ಹೇಳುತ್ತಿದ್ದಂತೆ ಆ ಪದ್ಧತಿ ತನ್ನ ಕಿವಿಗೇ ಹೊಲಸಾಗಿ ಕೇಳಿತು.

ಸೆನಾದಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಲ್ವಾದ ಡಬ್ಬಿಯನ್ನು ಮೆಲ್ಲಗೆ ಕ್ಯಾರೋಲಿನಳ ಮಡಿಲಿಗೆ ಇಟ್ಟು ಕೆಳಗಿಳಿದಳು, ಹಿಂದಿನ ಸೀಟಿನಿಂದ ತನ್ನ ಚೀಲ ಎಳೆದುಕೊಂಡಳು. ನಂತರ ಕಿಟಕಿಯ ಹತ್ತಿರ ಬಾಗಿದಳು.

"ನಿನ್ನೆ ನಾನು ಮನಸ್ಸಿನಲ್ಲೇ ಅವನಿಗೆ ತುಂಬ ಬೈದೆ, ಕ್ಯಾರೋಲಿನ್," ಎಂದಳು. "ಇಷ್ಟು ವರ್ಷ ಬದುಕಿದ್ದೂ ಅಕ್ಕನಿಗೆ ಒಂದು ಫೋನ್ ಮಾಡಲಿಲ್ಲವಲ್ಲ ಅಂತ. ಮುಖ ನೋಡಿದ ಕೂಡಲೇ ಕೆನ್ನೆಗೆ ಬಾರಿಸಬೇಕು ಅಂತ ಇದ್ದೆ."

ಕ್ಯಾರೋಲಿನ್ ಕೈ ಚಾಚಿದಳು. ಸೆನಾದಾ ಆಗಲೇ ಚೀಲ ಹೊತ್ತು ಬಿಸಿಲಿನಲ್ಲಿ ನಡೆದುಬಿಟ್ಟಿದ್ದಳು. ಸ್ವೆಟರೂ ಚಪ್ಪಲಿಯೂ ಅದರೊಳಗೇ ಇದ್ದವು.