ಹದಿನೆಂಟು ಸೇರು ಗೋಧಿ

ಘಾಟಬೋರಾಳದ ಕಮಳಾಬಾಯಿ ಅಂಗಳದಲ್ಲಿ ಮದುವೆ ಮನೆಯವರು ಕೊಟ್ಟ ಗೋಧಿ ಹಸನು ಮಾಡುತ್ತಿದ್ದಳು. ಕೈ ಮೊರದಲ್ಲಿತ್ತು, ಮನಸ್ಸು ಮಗಳ ಫಾರ್ಮಿನಲ್ಲಿತ್ತು. ಹತ್ತನೆಯ ತರಗತಿ ಪಾಸಾದ ಐಶ್ವರ್ಯಳಿಗೆ ಹುಮನಾಬಾದಿನ ಕಾಲೇಜಿನಲ್ಲಿ ಗಣಿತ ಓದುವ ಹಟ. ಫಾರ್ಮು ಕೊಡಲು ನಾಳೆಯೇ ಕೊನೆಯ ದಿನ. “ನೀ ಹ್ಯಾಂಗ ಅಂತೀ ಹಂಗ” ಎಂದು ಗಂಡ ಚನ್ನಬಸಪ್ಪ ಎಲ್ಲ ಅವಳ ಮೇಲೆ ಬಿಟ್ಟಿದ್ದ.

ಪಕ್ಕದ ಮನೆಯ ತಹಸೀನ್ ಹೈಸ್ಕೂಲಿನ ಗಣಿತ ಟೀಚರ್. ಬಂದು ಕಟ್ಟೆಯ ಮೇಲೆ ಕುಳಿತಳು.

“ಯಾಕ ಅಕ್ಕಾ, ಮಾರಿ ಸಣ್ಣ ಮಾಡೀರಿ?”

“ತಲಿ ಗರಗರ ತಿರಗಾಕತ್ತದ ಟೀಚರ್. ಹೆಣ್ಣಮಕ್ಕಳ ತಲಿಗಿ ಗಣಿತ ಹತ್ತಂಗಿಲ್ಲಂತಾರ. ನನಗೂ ಹತ್ತಲಿಲ್ಲ, ಫೇಲಾಗಿ ಸಾಲಿ ಬಿಟ್ಟೆ. ಆದ್ರ ನನ್ನ ಮಗಳಿಗಿ ಗಣಿತದಾಗ ನೂರಕ್ಕ ಎಂಬತ್ತೆಂಟು ಬಂದಾವ. ಯಾವುದು ಖರೆ?”

“ಬಾಯಿಪಾಠ ಮಾಡ್ಯಾಳ” ಎಂದ ಚನ್ನಬಸಪ್ಪ ಒಳಗಿನಿಂದ.

“ಗಣಿತ ಬಾಯಿಪಾಠಕ್ಕ ಬಂದಿದ್ರ ನನ್ನ ನೌಕರಿ ಎಷ್ಟ ಆರಾಮ ಇರ್ತಿತ್ತು ಅಣ್ಣಾ!”

ಅಷ್ಟರಲ್ಲಿ ಮದುವೆ ಮನೆಯ ಗುರುಶಾಂತ ಓಡಿಬಂದ. ಊರಲ್ಲಿ ಯಾರ ಕಾರ್ಯವಾದರೂ ಗೋಧಿ ಹುಗ್ಗಿಯ ಅಳತೆ ಹೇಳುವವಳು ಕಮಳಾಬಾಯಿಯೇ.

“ಕಾಕಿ, ಘಾತ ಆತು! ಮುನ್ನೂರು ಮಂದಿ ಅಂದಿದ್ವಿ, ನಾನೂರಾ ಇಪ್ಪತ್ತ ಆಗ್ಯಾರ. ಗೋಧಿ?”

ಕಮಳಾಬಾಯಿ ತಲೆ ಎತ್ತಲಿಲ್ಲ. “ಇಪ್ಪತ್ತ ಮಂದಿಗಿ ಮೂರು ಸೇರು. ಅರವತ್ತಮೂರು ಬೇಕು. ನಲವತ್ತೈದು ಕೊಟ್ಟೀರಿ, ಇನ್ನ ಹದಿನೆಂಟು ತಾ ಹೋಗಪ್ಪ.”

ಚನ್ನಬಸಪ್ಪ ಮೊಬೈಲಿನಲ್ಲಿ ಒತ್ತಿದ. ತಪ್ಪಾಯಿತು. ಮತ್ತೆ ಒತ್ತಿದ. “ಹೌದ್ನೋ! ಹದಿನೆಂಟ!”

ತಹಸೀನ್ ನಕ್ಕಳು. “ಇದೇನು ಅಕ್ಕಾ, ಗಣಿತ ಅಲ್ಲೇನು?”

“ಇದು ಬರೀ ಅಂದಾಜರಿ. ಲೆಕ್ಕ ಗಂಡಸರದು.”

“ಅಣ್ಣ ಮೊಬೈಲ್ನಾಗ ಮಾಡಿದ್ರ ಲೆಕ್ಕ, ನೀವು ಬಾಯಿಲೇ ಮಾಡಿದ್ರ ಅಂದಾಜ? ಸಾಲ್ಯಾಗ ಇದಕ್ಕ ಅನುಪಾತ ಅಂತ ಕಲಸ್ತೀನಿ ನಾ.”

ಕಮಳಾಬಾಯಿಗೆ ಇನ್ನಷ್ಟು ಗೊಂದಲವಾಯಿತು. “ಹಂಗಾರ ನಾ ಫೇಲಾಗಿದ್ದು ಯಾಕ?”

“ಆ ವರ್ಷ ಎಷ್ಟ ದಿನ ಸಾಲಿಗಿ ಹೋಗಿದ್ರಿ?”

ಅವಳು ಮೊರದ ಗೋಧಿಯಲ್ಲಿ ಕೈಯಾಡಿಸಿದಳು. “ತಮ್ಮ ಹುಟ್ಟಿದ್ದ. ಅವನ್ನ ಎತ್ಕೊಂಡ ಮನ್ಯಾಗ ಕುಂತಿದ್ದೆ.”

“ನೋಡ್ರಿ. ಬರಂಗಿಲ್ಲ, ಬರಂಗಿಲ್ಲ ಅನ್ನೂದು ಕೇಳಿ ಕೇಳಿ, ಬರೋ ಲೆಕ್ಕಾನೂ ಹುಡುಗ್ಯಾರು ಅಂಜಿ ಬಿಟ್ಟಬಿಡ್ತಾರ. ಗಣಿತ ಹುಡುಗ, ಹುಡುಗಿ ಅಂತ ನೋಡಂಗಿಲ್ಲ ಅಕ್ಕಾ. ಕಲತವರಿಗಿ ಬರ್ತದ.”

ಐಶ್ವರ್ಯ ಬಾಗಿಲಲ್ಲಿ ಫಾರ್ಮು ಹಿಡಿದು ನಿಂತಿದ್ದಳು. ವಿಷಯದ ಜಾಗ ಇನ್ನೂ ಖಾಲಿ.

“ದೇವರಾ, ಬಸವಾ, ಇಷ್ಟ ದಿನ ನಾ ಏನ್ ತಿಳ್ಕೊಂಡಿದ್ದೆ” ಎಂದು ಕಮಳಾಬಾಯಿ ಮೊರ ಕೆಳಗಿಟ್ಟಳು. “ಗಣಿತ ಅಂತ ಬರಿಯವ್ವ. ಸಹಿ ಎಲ್ಲಿ ಮಾಡ್ಲಿ, ತೋರಸು.”

ಚನ್ನಬಸಪ್ಪ ಪೆನ್ನು ಹುಡುಕಲು ಎದ್ದ.

ಅಕ್ಕಂದಿರೇ, ಅಣ್ಣಂದಿರೇ, ಮಗಳಿಗೆ ಗಣಿತ ಬರುವುದಿಲ್ಲ ಎನ್ನುವ ಮೊದಲು ಅವಳ ತಾಯಿಯನ್ನು ಒಂದು ಅಳತೆ ಕೇಳಿ ನೋಡಿ. ತಿಳಿಯದ ಲೆಕ್ಕವನ್ನು ಮಗಳು ನಾಲ್ಕು ಸಲ ಕೇಳಲಿ, ಬೇಡವೆನ್ನಬೇಡಿ. ಅವಳ ಫಾರ್ಮಿನ ಖಾಲಿ ಜಾಗದಲ್ಲಿ ಅವಳ ಇಷ್ಟದ ವಿಷಯವನ್ನು ಅವಳ ಕೈಯಿಂದಲೇ ಬರೆಸಿ.